ಫಿರ್ಕಿ ಹಿಡಿದವಳ ಫೋನು

ಸಂಕ್ರಾಂತಿಯ ದಿನ ನಮ್ಮ ತವರಿನವರು ಯಾರೂ ಮನೆಯಲ್ಲಿ ಉಣ್ಣುವುದಿಲ್ಲ. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಶೇಂಗಾ ಹೋಳಿಗೆ ಎಲ್ಲ ಕಟ್ಟಿಕೊಂಡು ಹೊಳೆದಂಡೆಗೆ ಹೋಗಿ, ಮಿಂದು, ಅಲ್ಲೇ ಕೂತು ಉಣ್ಣುವುದು. ನಾವು ನಾಲ್ವರು ಅಕ್ಕತಂಗಿಯರು. ಮೂವರು ಧಾರವಾಡದ ಸುತ್ತಮುತ್ತಲೇ ಇದ್ದಾರೆ. ನಾನೊಬ್ಬಳು ವಡೋದರದ ಗೋರ್ವಾದಲ್ಲಿ, ಮೂರನೇ ಮಹಡಿಯ ಬಾಡಿಗೆ ಮನೆಯಲ್ಲಿ. ಯಜಮಾನರಿಗೆ ಕೊಯಾಲಿಯ ತೈಲ ಕಾರ್ಖಾನೆಯಲ್ಲಿ ಪಾಳಿ ಕೆಲಸ. ಹಾಗಾಗಿ ಹಬ್ಬ ಬಂತೆಂದರೆ ನನಗೆ ಎಲ್ಲಕ್ಕಿಂತ ಮೊದಲು ಹೊಟ್ಟೆಕಿಚ್ಚು ಬರುತ್ತದೆ.

ಅದಕ್ಕೆ ತುಪ್ಪ ಸುರಿಯಲೆಂದೇ ಫೋನಿನಲ್ಲಿ ನಮ್ಮ ಅಕ್ಕತಂಗಿಯರ ಗ್ರೂಪ್ ಇದೆ. ಬೆಳಗ್ಗೆ ಆರಕ್ಕೆಲ್ಲ ರೊಟ್ಟಿಯ ಫೋಟೋ ಬಂದು ಬೀಳುತ್ತದೆ. ಅಕ್ಕನ ಹಿಂದೆ ನಿಂತ ಹಸಿರು ಸೀರೆಯವಳು ಯಾರೆಂದು ಹಿಗ್ಗಿಸಿ ಹಿಗ್ಗಿಸಿ ನೋಡುತ್ತೇನೆ. ಒಂದು ತಾಸು ಫೋನ್ ಮುಟ್ಟದಿದ್ದರೆ ನನ್ನೊಬ್ಬಳನ್ನು ಬಿಟ್ಟು ಇಡೀ ಬಳಗವೇ ಮುಂದೆ ಹೋಯಿತೇನೋ ಎಂಬ ದಿಗಿಲು. ಯಜಮಾನರು ಇದನ್ನು ಚಟ ಎನ್ನುತ್ತಾರೆ. ಕ್ರಿಕೆಟ್ ಸ್ಕೋರನ್ನು ಬಚ್ಚಲಲ್ಲೂ ನೋಡುವ ಮನುಷ್ಯ!

ಇಲ್ಲಿ ಅದೇ ದಿನ ಉತ್ತರಾಯಣ. ಊರಿಗೆ ಊರೇ ತಾರಸಿ ಹತ್ತಿ ಗಾಳಿಪಟ ಹಾರಿಸುತ್ತದೆ. ಹಾರಿಸುವವರ ಹಿಂದೆ ಒಬ್ಬರು ಫಿರ್ಕಿ, ಅಂದರೆ ದಾರ ಸುತ್ತಿದ ಉರುಳೆ, ಹಿಡಿದು ನಿಲ್ಲಬೇಕು. ನನ್ನ ಹತ್ತು ವರ್ಷದ ಮಗಳು ಮೂರು ವರ್ಷ ನಮ್ಮ ಕಟ್ಟಡದ ಹುಡುಗರಿಗೆಲ್ಲ ಫಿರ್ಕಿ ಹಿಡಿದೇ ಹಬ್ಬ ಕಳೆದಿದ್ದಳು. ಈ ಸಲ ತಾನೇ ಹಾರಿಸುವುದು, ಎದುರಿನ ಕಟ್ಟಡದವರ ಒಂದು ಪಟವನ್ನಾದರೂ ಕತ್ತರಿಸುವುದು ಎಂದು ಹಟ ಹಿಡಿದಳು. ಅವಳ ಫಿರ್ಕಿಗೆ ನಾನು. ವಾರವಿಡೀ ಅಡುಗೆಮನೆಯಲ್ಲಿ ನನ್ನ ಕೈಗೆ ಲಟ್ಟಣಿಗೆ ಕೊಟ್ಟು ಪಾಠ ಮಾಡಿದಳು.

“ಅಮ್ಮಾ, ಹಲ್ಕಾ ಹಿಡಿ. ಟೈಟ್ ಹಿಡಿಬೇಡ. ನಾನು ಢೀಲ್ ಅಂದರೆ ದಾರ ಬಿಡೋದು, ಅಷ್ಟೇ. ಸಮ್ಝಿ?”

ಅವಳ ಕನ್ನಡವೇ ಹಾಗೆ. ನಾನು ತಲೆಯಾಡಿಸಿದೆ.

ಹಬ್ಬದ ದಿನ ಹನ್ನೊಂದರ ಹೊತ್ತಿಗೆ ಅವಳ ಗುಲಾಬಿ ಪಟ ಚೆನ್ನಾಗಿ ಮೇಲೇರಿತ್ತು. ಎದುರಿನ ಕಟ್ಟಡದ ಕರಿ ಪಟವೊಂದು ವಾಲುತ್ತ ಬಂದು ಅದರ ದಾರಕ್ಕೆ ತೊಡರಿಕೊಂಡಿತು. ಸರಿಯಾಗಿ ಆಗಲೇ ನನ್ನ ಫೋನು ಹೊಡೆದುಕೊಂಡಿತು. ಹೊಳೆದಂಡೆಯಿಂದ ವಿಡಿಯೋ ಕಾಲ್! ತೆಗೆಯದೆ ಇರಲು ನಾನೇನು ಸನ್ಯಾಸಿಯೇ?

“ಏನವಾ, ಪತ್ತೇನ ಇಲ್ಲಲ್ಲ ನಿಂದು!” ಎಂದಳು ಅಕ್ಕ. “ಗಾಳಿಪಟ ಹಾರಸಾಕತ್ತೀರೇನ? ನಮಗೂ ತೋರ್ಸ.”

“ಒಂದ ನಿಮಿಷ ತಡಿ, ನಮ್ಮಾಕಿದ ತೋರಸ್ತೀನಿ,” ಎಂದು ಫಿರ್ಕಿಯನ್ನು ಕಂಕುಳಲ್ಲಿ ಒತ್ತಿಕೊಂಡು, ಫೋನನ್ನು ಆಕಾಶದ ಕಡೆ ಎತ್ತಿ ಹಿಡಿದೆ.

“ಅಮ್ಮಾ, ಢೀಲ್! ಢೀಲ್ ಕೊಡು!”

ಕಂಕುಳಲ್ಲಿ ಸಿಕ್ಕಿದ ಫಿರ್ಕಿ ತಿರುಗುವುದೆಲ್ಲಿಂದ ಬಂತು? ದಾರ ಬಿಗಿದು ನಿಂತಿತು, ಮರುಕ್ಷಣ ಕಡಿದು ಸಡಿಲವಾಯಿತು. ಎದುರಿನ ತಾರಸಿಯಿಂದ “ಕಾಯ್ಪೋ ಛೇ!” ಎಂದು ಕೇಕೆ ಎದ್ದಿತು. ಗುಲಾಬಿ ಪಟ ತೇಲುತ್ತ ಕಾರ್ಖಾನೆಗಳ ಕಡೆ ಹೋಯಿತು.

“ಎಲ್ಲೈತವಾ? ಕಾಣವಲ್ದು,” ಎನ್ನುತ್ತಿದ್ದಳು ಅಕ್ಕ.

ಮಗಳು ಅಳಲಿಲ್ಲ, ಕಿರುಚಲಿಲ್ಲ. ನನ್ನ ಕಂಕುಳಿನಿಂದ ಫಿರ್ಕಿ ತೆಗೆದುಕೊಂಡು, ಉಳಿದ ದಾರ ಸುತ್ತಿ, ಊಂಧಿಯು ಎಂಬ ಹಬ್ಬದ ಪಲ್ಯ ಬಡಿಸುತ್ತಿದ್ದ ಕೆಳಮನೆಯ ಗುಜರಾತಿ ಹೆಂಗಸಿನ ಹತ್ತಿರ ಹೋದಳು. “ಆಂಟಿ, ತಮೆ ಪಕಡೋ ನೆ,” ಎಂದು ಅವರ ಕೈಗಿಟ್ಟಳು. ಆಮೇಲೆ ನನ್ನ ಕಡೆ ತಿರುಗಿ, “ಅಮ್ಮ, ನೀನು ಆರಾಮ್‌ ಸೇ ಮಾತಾಡು,” ಎಂದಳು. ಅದರಲ್ಲಿ ಕೊಂಕಿರಲಿಲ್ಲ. ನಿಜವಾಗಿಯೂ ನನಗೆ ಅನುಕೂಲ ಮಾಡಿಕೊಟ್ಟಿದ್ದಳು. ಬೈದಿದ್ದರೆ ನಾನೂ ತಿರುಗಿ ಬೈಯಬಹುದಿತ್ತು.

ನಾಲ್ಕು ಗಂಟೆಗೆ ಅವಳು ಆ ಕರಿ ಪಟವನ್ನು ಕತ್ತರಿಸಿಯೇ ಬಿಟ್ಟಳು. ಕೂಗಿದಳು, ಕುಣಿದಳು, ಹಿಂದೆ ತಿರುಗಿ ಫಿರ್ಕಿ ಹಿಡಿದಿದ್ದ ಆಂಟಿಯನ್ನು ಬಾಚಿ ತಬ್ಬಿಕೊಂಡಳು. ಇಬ್ಬರೂ ಎಗರಾಡಿದರು. ನಾನು ನಾಲ್ಕೇ ಹೆಜ್ಜೆ ಆಚೆ ನಿಂತಿದ್ದೆ. ಅವಳು ಒಮ್ಮೆಯೂ ನನ್ನ ಕಡೆ ನೋಡಲಿಲ್ಲ. ಹೊಳೆದಂಡೆಯ ಫೋಟೋ ನೋಡಿ ಹೊಟ್ಟೆಕಿಚ್ಚು ಪಟ್ಟಿದ್ದೆ ನಿಜ, ಆದರೆ ಆ ನಾಲ್ಕು ಹೆಜ್ಜೆ ಕೊಟ್ಟ ನೋವೇ ಬೇರೆ. ಅಳು ಬಂತು. ಬಿಸಿಲು ಎಂದು ನೆಪ ಹೇಳಿ ಸೆರಗಿನಿಂದ ಕಣ್ಣೊರೆಸಿಕೊಂಡೆ.

ಮರುದಿನವೂ ಇಲ್ಲಿ ಪಟದ ಹಬ್ಬವೇ, ವಾಸಿ ಉತ್ತರಾಯಣ. ಕೆಳಮನೆಗೆ ಸೂರತ್‌ನಿಂದ ನೆಂಟರು ಬಂದಿದ್ದರು, ಆಂಟಿಗೆ ಪುರುಸೊತ್ತಿಲ್ಲ. ಮಗಳಿಗೆ ನನ್ನನ್ನು ಬಿಟ್ಟರೆ ಗತಿಯಿರಲಿಲ್ಲ. ಫೋನನ್ನು ಅಡುಗೆಮನೆಯಲ್ಲೇ ಇಟ್ಟು ಮೇಲೆ ಹೋದೆ. ಆದರೂ ಅವಳಿಗೆ ನಂಬಿಕೆ ಬರಲಿಲ್ಲ.

“ದೋನೋ ಕೈ ತೋರಿಸು.”

ತೋರಿಸಿದೆ.

ಮೊದಲ ಅರ್ಧ ತಾಸು ಬಲು ಕಷ್ಟವಾಯಿತು. ಇಲ್ಲದ ಫೋನು ಸೊಂಟದ ಹತ್ತಿರ ಗುರ್ ಎಂದಂತಾಗುತ್ತಿತ್ತು. ತಂಗಿ ಏನು ಹಾಕಿರಬಹುದು, ಅದಕ್ಕೆ ಅಕ್ಕ ಏನಂದಿರಬಹುದು ಎಂದು ಮನಸ್ಸು ಕೆಳಗೆ ಓಡುತ್ತಿತ್ತು. ಆಮೇಲೆ ಢೀಲ್, ಸುತ್ತು, ಮತ್ತೆ ಢೀಲ್ ಎನ್ನುವುದರಲ್ಲಿ ಅದು ಮರೆತೇಹೋಯಿತು. ಬೆರಳ ತುದಿಯ ಮೇಲೆ ಫಿರ್ಕಿ ಗಿರ್ರನೆ ತಿರುಗುವುದೂ ಒಂದು ಸುಖ.

ಅಂದು ನಾವು ಒಂದು ಪಟವನ್ನೂ ಕತ್ತರಿಸಲಿಲ್ಲ. ನಮ್ಮವೇ ಮೂರು ಹೋದವು. ಮೊದಲೆರಡು ಹೋದಾಗ ಅವಳು ಸರಕ್ಕನೆ ತಿರುಗಿ ನನ್ನ ಕೈ ನೋಡಿದಳು. ಎರಡೂ ಫಿರ್ಕಿಯ ಮೇಲೇ ಇದ್ದವು. ಮೂರನೆಯದು ಹೋದಾಗ ಕೈ ನೋಡಲಿಲ್ಲ. ನೆಟ್ಟಗೆ ಬಂದು ನನ್ನ ಹೊಟ್ಟೆಗೆ ಮುಖ ಒತ್ತಿ ಗಟ್ಟಿಯಾಗಿ ಅತ್ತಳು.