ಮೀಸಿ ಇಲ್ಲದ ಡೊಳ್ಳಿನಾಂವ

ನನ್ನ ನೆಗೆಣ್ಣಿ ಕಳಕವ್ವ ಡಂಬಳದಾಗ ಹುಟ್ಟಿ ಡಂಬಳದಾಗ ಮುದುಕಿಯಾದಾಕಿ. ಕುರಿ ಕಾಯ್ದಳು, ಕಂಬಳಿಗೆ ನೂಲು ತಗದಳು. ನನ್ನ ಗಂಡ ತೀರಿದ ಮ್ಯಾಲೆ ನನಗೂ ಆಕೀನ ಆಸರ.

ಹೋದ ವರ್ಷ ಗದಗಿನಿಂದ ವಿಶಾಲ ಅನ್ನೋ ಮಾಸ್ತರ ಬಂದ. ಬ್ರಿಟಿಷರ ಕಾಲದ ಫಿಲ್ಮು ಕೂಡಿಸಿ ತೋರಸ್ತಾನಂತ. ಲ್ಯಾಪ್‌ಟಾಪಿನಾಗ ಒಂದು ತುಣುಕು ಹಚ್ಚಿದ. ಸದ್ದಿಲ್ಲ, ಬರೇ ಚಿತ್ರ. ಕುದುರಿ ಮ್ಯಾಲೆ ಸಾಹೇಬ, ಹಿಂದ ನಮ್ಮ ಕೆರಿ ಏರಿ, ಮುಂದ ಡೊಳ್ಳಿನ ಮೇಳ. ಎಲ್ಲರಿಗೂ ರುಮಾಲು, ಎಲ್ಲರಿಗೂ ಮೀಸಿ. ನಡುವ ಒಬ್ಬಗ ಎರಡೂ ಇಲ್ಲ. ಎಡಗೈಲೆ ಬಾರಸ್ತ ಹಲ್ಲು ಕಾಣೂಹಂಗ ನಗಾಕತ್ತಿದ್ದ.

“ಇಂವ ನಮ್ಮಪ್ಪ,” ಅಂದಳು ಕಳಕವ್ವ. ಮೇಳದಾಗ ಎಡಗೈಲೆ ಬಾರಸಾಂವ ಆಕಿ ಅಪ್ಪ ಮೈಲಾರಪ್ಪ ಒಬ್ಬನ ಇದ್ದನಂತ.

ನಮ್ಮ ಮಂದಿಯಾಗ ತಂದಿ ಸತ್ತರ ತಲಿ, ಮೀಸಿ ಬೋಳಸ್ತಾರ, ದಿನಕರ್ಮ ಮುಗಿಯೂತನ ರುಮಾಲು ಸುತ್ತೂದಿಲ್ಲ, ಡೊಳ್ಳು ಮುಟ್ಟೂದಿಲ್ಲ. ಮೈಲಾರಪ್ಪನ ಅಪ್ಪನ ಗುಂಡಿ ಮ್ಯಾಲಿನ ಮಣ್ಣು ಇನ್ನೂ ಹಸಿ ಇತ್ತಂತ. ಸಾಹೇಬ ಚಿತ್ರದ ಪೆಟಗಿ ತಂದಾನ ಅಂತ ಚಾವಡಿ ಆಳು ಬಂದು ಎಳಕೊಂಡು ಹೋದರು. ಬಾರಿಸು ಅಂದರು, ಬಾರಿಸಿದ. ನಗು ಅಂದರು. ಆಮ್ಯಾಲೆ ಅಂವ ಸಾಯೂತನ ಡೊಳ್ಳು ಮುಟ್ಟಲಿಲ್ಲ.

ಇದನ್ನೆಲ್ಲಾ ವಿಶಾಲ ಫೋನಿನಾಗ ತುಂಬಿಕೊಂಡ. ಚಿತ್ರದ ಕೂಡ ನಿಮ್ಮ ಮಾತೂ ಕೇಳಸ್ತೀನಿ ಆಯಿ, ನನ್ನ ನಂಬ್ರಿ ಅಂದ. ಅಂದಿನಿಂದ ಆಕಿಗೆ ಒಂದ ಆಸೆ, ಅಪ್ಪ ಖುಷೀಲೆ ಬಾರಿಸಿಲ್ಲ ಅನ್ನೂದು ಮಂದಿಗೆ ಗೊತ್ತಾಗಲಿ ಅಂತ.

ಫಿಲ್ಮು ತೋರಸೂ ಗದಗಿನ ಸಭಾಕ್ಕ ಇಬ್ಬರೂ ಹೋದಿವಿ. ಮುಂದಿನ ಕುರ್ಚಿಯಾಗ ಕುಂಡ್ರಿಸಿದರು. ಕೆರಿ ಏರಿ ಬಂತು, ಮೈಲಾರಪ್ಪ ಬಂದ. ಫೋನಿನಾಗ ತುಂಬಿಕೊಂಡಿದ್ದ ಆಕಿ ಮಾತು ಮಾತ್ರ ಕೇಳಸಲಿಲ್ಲ. ಎಲ್ಲಿಂದಲೋ ತಂದ ಡೊಳ್ಳಿನ ಸದ್ದು ಹಚ್ಚಿದ್ದರು. ಸಾಹೇಬರ ಸ್ವಾಗತದಲ್ಲಿ ಮೈಮರೆತ ಗ್ರಾಮಸ್ಥರು ಅಂತ ಗಂಡುದನಿಯೊಂದು ಹೇಳಿತು. ನಮ್ಮ ಬೆನ್ನಹಿಂದ ಯಾರೋ, ಆ ಬೋಳ ತಲಿಯವನ್ನ ನೋಡಲೇ, ಏನ್ ಕುಶಾಲಿ ಅದಾನ ಮಗಾ, ಅಂದು ನಕ್ಕರು. ಕಳಕವ್ವ ಹಿಡಕೊಂಡಿದ್ದ ನನ್ನ ಕೈ ಬಿಟ್ಟಳು.

ಮುಗಿದ ಮ್ಯಾಲೆ ವಿಶಾಲನ್ನ ಕೇಳಿದಿವಿ. ಸಂತೋಷದ ಕಾರ್ಯಕ್ರಮದಾಗ ಸಾವಿನ ಮಾತು ಬ್ಯಾಡ ಅಂದರು ದೊಡ್ಡವರು, ನಾ ಏನ್ ಮಾಡ್ಲಿ ಅಂದ. ಅಷ್ಟರಾಗ ಯಾರೋ ಆಕಿಗೆ ಶಾಲು ಹೊಚ್ಚಿ, ಮಾಲಿ ಹಾಕಿ, ದೊಡ್ಡವರ ನಡುವ ನಿಂದ್ರಿಸಿದರು.

“ಆಯಿ, ಸ್ವಲ್ಪ ನಗ್ರಿ,” ಅಂದ ಫೋಟೋ ತಗಿಯಾಂವ.

“ನಮ್ಮಪ್ಪಗೂ ಹಿಂಗ ಅಂದಿದ್ರು.”

ಆಕಿ ಶಾಲು ಮಡಚಿ ವಿಶಾಲನ ಕೈಯಾಗ ಇಟ್ಟಳು. ನನ್ನ ಮಾತಾದರೂ ತಿರುಗಿ ಕೊಡು ತಮ್ಮಾ ಅಂದಳು. ಫೋನು ತುಂಬಿತ್ತು ಆಯಿ, ಅಳಿಸೀನಿ, ಅಂದ ಅಂವ.

ಊರಿಗೆ ತಿರುಗಿ ಬರೂ ಮುಂಡರಗಿ ಬಸ್ಸಿನಾಗ ಆಕಿ ಅಪ್ಪನ ಸುದ್ದಿ ಮೊದಲಿನಿಂದ ಹೇಳಾಕ ಸುರು ಮಾಡಿದಳು. ಕೇಳಾಕ ನಾ ಒಬ್ಬಾಕಿ ಇದ್ದೆ.