ರಬ್ಬರಿನ ಮೇಲೆ ನಾನೆಳೆದ ಗೆರೆ

ಕಳೆದ ವಾರ ಏಕಸಂಬಿಯ ನಮ್ಮ ಮನೆಯ ಫ್ರಿಜ್ಜಿಗೆ ಹೊಸ ರಬ್ಬರ್ ಹಾಕಿಸಿದೆವು. ಹಳೆಯದು ಸಡಿಲಾಗಿ ಬಾಗಿಲು ಸರಿಯಾಗಿ ಕೂಡುತ್ತಿರಲಿಲ್ಲ. ಹಾಲು ಕೆಡುತ್ತದೆಂದು ಹೆಂಡತಿ ತಿಂಗಳಿನಿಂದ ನನ್ನ ಬೆನ್ನು ಹತ್ತಿದ್ದಳು. ಚಿಕ್ಕೋಡಿಯಿಂದ ಬಂದ ಮೆಕ್ಯಾನಿಕ್ ರಬ್ಬರಿನ ಸುರುಳಿ ಬಿಚ್ಚಿದಾಗ ಅದರ ಘಾಟು ಅಡುಗೆಮನೆಯನ್ನೆಲ್ಲ ತುಂಬಿತು... ನಾನು ಎದ್ದು ಹಿತ್ತಲಿಗೆ ಹೋದೆ. ಚಹಾ ಆರುತ್ತದೆ ಎಂದು ಹೆಂಡತಿ ಎರಡು ಸಲ ಕರೆದರೂ ಒಳಗೆ ಬರಲು ಮನಸ್ಸಾಗಲಿಲ್ಲ. ಆ ವಾಸನೆ ಬಂದರೆ ನನಗೆ ಕಾಕಾ ನೆನಪಾಗುತ್ತಾರೆ.

ಕಾಕಾ ಎಂದರೆ ರಕ್ತಸಂಬಂಧಿಯಲ್ಲ. ನಾನು ಹದಿನೈದು ವರ್ಷ ನೌಕಾಪಡೆಯಲ್ಲಿದ್ದೆ. ಅದರಲ್ಲಿ ಮೂರು ವರ್ಷ ಒಂದು ಯುದ್ಧನೌಕೆಯಲ್ಲಿ ಅವರ ಕೈಕೆಳಗೆ ದುಡಿದೆ. ಅವರು ಅಥಣಿ ಕಡೆಯ ತೆಲಸಂಗದವರು. ಅಷ್ಟು ಮಂದಿಯ ಹಡಗಿನಲ್ಲಿ ನಮ್ಮ ಸೀಮೆಯ ಮಾತಾಡುವವರು ನಾವಿಬ್ಬರೇ. ಎಲ್ಲರ ಎದುರು ಚೀಫ್ ಸಾಹೇಬರು, ನಾವಿಬ್ಬರೇ ಇದ್ದಾಗ ಕಾಕಾ. ಊರಿನಿಂದ ಅವರ ಹೆಂಡತಿ, ನನಗೆ ಕಾಕು, ಕಟ್ಟಿ ಕಳಿಸಿದ ಶೇಂಗಾ ಚಟ್ನಿಯಲ್ಲಿ ನನ್ನ ಪಾಲನ್ನು ಮೊದಲು ತೆಗೆದಿಡುತ್ತಿದ್ದರು, ಬೈಗುಳದಲ್ಲೂ ನನಗೇ ಮೊದಲ ಪಾಲು. ಹಡಗಿಗೆ ಬೆಂಕಿ ಬಿದ್ದರೆ ಆರಿಸುವುದು, ನೀರು ನುಗ್ಗಿದರೆ ತಡೆಯುವುದು ನಮ್ಮ ಕೆಲಸ. ಬಾವಿ ಬತ್ತುವ ಸೀಮೆಯವರನ್ನು ಹಿಡಿದು ತಂದು ನೀರು ಕಾಯಲು ನಿಲ್ಲಿಸಿದ್ದಾರೆ ಎಂದು ಅವರು ನಗುತ್ತಿದ್ದರು.

ಯುದ್ಧನೌಕೆ ಬೇಕೆನಿಸಿದಾಗ ಲಂಗರೆತ್ತಿ ಹೊರಡುವುದಿಲ್ಲ. ದೂರದ ಕಡಲಿಗೆ ತಿಂಗಳುಗಟ್ಟಲೆ ಕಳಿಸುವ ಮೊದಲು ಒಂದು ತರಬೇತಿ ತಂಡ ಬಂದು ಹಡಗಿನಲ್ಲೇ ಠಿಕಾಣಿ ಹೂಡುತ್ತದೆ. ಮೊದಲು ಬಂದರಿನಲ್ಲಿ ಕಲಿಸುತ್ತಾರೆ, ಆಮೇಲೆ ಕಡಲಿಗೆ ಒಯ್ದು ಹಣ್ಣು ಮಾಡುತ್ತಾರೆ. ಉಣ್ಣಲು ಕೂತಾಗ ಎಂಜಿನ್ ಕೋಣೆಗೆ ಬೆಂಕಿ ಬಿತ್ತು ಎನ್ನುತ್ತಾರೆ, ಮಗ್ಗುಲಾದಾಗ ಎಡಬದಿ ಒಡೆಯಿತು ಎನ್ನುತ್ತಾರೆ, ಎನ್ನುತ್ತಾ ಗಡಿಯಾರ ಹಿಡಿದು ನಿಲ್ಲುತ್ತಾರೆ. ಅವರು ಪಾಸು ಮಾಡಿದರೆ ಉಂಟು, ಇಲ್ಲದಿದ್ದರೆ ಹಡಗು ಬಂದರಿನ ಕಟ್ಟೆ ಬಿಡುವಂತಿಲ್ಲ.

ಆ ಸಲದ ಯಾನ ನಿವೃತ್ತಿಗೆ ಮೊದಲು ಕಾಕಾನ ಕೊನೆಯ ಯಾನ. ಪರದೇಶದ ಆರೇಳು ಬಂದರುಗಳಿದ್ದವು. ನಕಾಶೆಯ ಮೇಲೆ ಬೆರಳಿಟ್ಟು ನನಗೆ ತೋರಿಸುತ್ತಿದ್ದರು.

"ಇದೊಂದು ಸಲ ಹೋಗಿ ಬರ್ತೀನಿ ತಮ್ಮಾ. ಆಮ್ಯಾಲ ತೆಲಸಂಗದಾಗ ಜ್ವಾಳಾ ಕಾಯ್ಕೋತ ಕುಂದ್ರತೀನಿ" ಎನ್ನುತ್ತಿದ್ದರು.

ತಂಡದವರು ಬರುವ ಹಿಂದಿನ ದಿನ ಬಾಗಿಲುಗಳ ಪರೀಕ್ಷೆ ನನ್ನ ಪಾಲಿಗೆ ಬಂತು. ಹಡಗಿನ ಕೆಳಗಿನ ಕೋಣೆಗಳ ಕಬ್ಬಿಣದ ಬಾಗಿಲುಗಳ ಅಂಚಿಗೆ ರಬ್ಬರ್ ಇರುತ್ತದೆ, ನೀರು ದಾಟದಿರಲಿ ಎಂದು. ಅದನ್ನು ನೋಡುವ ರೀತಿ ಸರಳ. ಚೌಕಟ್ಟಿನ ಅಂಚಿಗೆ ಸೀಮೆಸುಣ್ಣ ತಿಕ್ಕಬೇಕು, ಬಾಗಿಲು ಹಾಕಿ ಎಲ್ಲ ಹಿಡಿಕೆಗಳನ್ನು ಬಿಗಿಯಬೇಕು, ತೆಗೆದು ರಬ್ಬರನ್ನು ನೋಡಬೇಕು. ಬಿಳಿ ಗೆರೆ ಸುತ್ತಲೂ ಒಂದೇ ಸಮನೆ ಮೂಡಿದ್ದರೆ ಬಾಗಿಲು ಸರಿ. ಎಲ್ಲಾದರೂ ಕಡಿದಿದ್ದರೆ ಅಲ್ಲಿಂದ ನೀರು ಬರುತ್ತದೆ.

ಹತ್ತು ಬಾಗಿಲು ಸರಿಯಾಗಿ ನೋಡಿದೆ. ಹನ್ನೊಂದನೆಯದು ತಳದಲ್ಲಿ, ಕುದಿಯುವ ಸೆಕೆಯ ಇಕ್ಕಟ್ಟಿನ ಕೋಣೆಯದು. ಅದರ ಹಿಡಿಕೆಗಳು ಬಿಗಿ, ನನ್ನ ಅಂಗೈಯಲ್ಲಿ ಆಗಲೇ ಬೊಬ್ಬೆ ಎದ್ದಿತ್ತು, ಮೇಲೆ ಊಟದ ಗಂಟೆ ಬಾರಿಸಿತ್ತು. ನಾನು ಬಾಗಿಲು ಹಾಕಲೇ ಇಲ್ಲ. ಸೀಮೆಸುಣ್ಣ ಹಿಡಿದು ರಬ್ಬರಿನ ಮೇಲೆ ಸುತ್ತಲೂ ಗೆರೆ ಎಳೆದುಬಿಟ್ಟೆ... ರಂಗೋಲಿ ಹಾಕಿದ ಹಾಗೆ.

ಸಂಜೆ ಕಾಕಾ ಒಂದೊಂದೇ ಬಾಗಿಲು ನೋಡುತ್ತಾ ಬಂದರು. ಹನ್ನೊಂದನೆಯದರ ಮುಂದೆ ಟಾರ್ಚ್ ಹಿಡಿದು ಬಗ್ಗಿದರು.

"ಭಾಳ ಚೊಲೋ ಗೆರಿ ಬಂದೈತಿ" ಎಂದು ನನ್ನ ಬೆನ್ನು ತಟ್ಟಿ ಸಹಿ ಹಾಕಿದರು.

ಮೂರನೆಯ ದಿನ ತಂಡದ ಅಧಿಕಾರಿ ಬೇರೆಲ್ಲ ಬಿಟ್ಟು ಅದೇ ಬಾಗಿಲ ಮುಂದೆ ನಿಂತರು. ರಬ್ಬರ್ ಒರೆಸಿ ತಾವೇ ಚೌಕಟ್ಟಿಗೆ ಸೀಮೆಸುಣ್ಣ ತಿಕ್ಕಿದರು, ಹಾಕಿಸಿದರು, ತೆಗೆಸಿದರು. ಕೆಳಗಿನ ಮೂಲೆಯಲ್ಲಿ ನಾಲ್ಕು ಬೆರಳಿನಷ್ಟು ಗೆರೆ ಇರಲಿಲ್ಲ. ನಿಮ್ಮ ಹಡಗು ಮುಳುಗಿತು ಎಂದು ಬರೆದುಕೊಂಡು, ಇದನ್ನು ನೋಡಿದವರು ಯಾರು ಎಂದರು. ನಾನೇ ನೋಡಿದ್ದೆ, ಗೆರೆ ಪೂರ್ತಿ ಇತ್ತು ಎಂದರು ಕಾಕಾ. ಹಾಗಾದರೆ ಕಣ್ಣು ತೋರಿಸಿಕೊಳ್ಳಿ ಎಂದು ಅಧಿಕಾರಿ ಮುಂದೆ ನಡೆದರು.

ಕಾಕಾ ಅಲ್ಲೇ ನಿಂತರು. ಒಂದು ಕಣ್ಣು ಮುಚ್ಚಿ ರಬ್ಬರ್ ನೋಡಿದರು, ಆಮೇಲೆ ಇನ್ನೊಂದು ಮುಚ್ಚಿ ನೋಡಿದರು. ನಾನು ಅವರ ಹಿಂದೆ ಎರಡು ಹೆಜ್ಜೆ ದೂರದಲ್ಲಿದ್ದೆ. ಬಾಯಿ ಬಿಡಬೇಕಿತ್ತು. ಆಗಷ್ಟೇ ನನ್ನ ಮದುವೆ ಗೊತ್ತಾಗಿತ್ತು, ನೌಕರಿಗೆ ಕುತ್ತು ಬರುತ್ತಿತ್ತು ಎಂದು ಈಗ ಕಾರಣ ಕೊಡಬಹುದು. ನಿಜ ಹೇಳಬೇಕೆಂದರೆ ನಾನು ಹೆದರುಪುಕ್ಕಲ, ಬೇರೇನೂ ಅಲ್ಲ.

ಮರುದಿನ ಕಾಕಾ ತಾವಾಗಿಯೇ ಡಾಕ್ಟರ ಬಳಿ ಹೋದರು. ಆ ವಯಸ್ಸಿಗೆ ಎಲ್ಲರಿಗೂ ಬರುವಷ್ಟು ಚಾಳೀಸು, ಅಷ್ಟೇ ಎಂದರಂತೆ. ಇವರು ಕೇಳಲಿಲ್ಲ. ಗೆರೆ ಕಡಿದದ್ದು ಕಾಣದವನ ಕೈಯಲ್ಲಿ ಇಷ್ಟು ಜನರ ಜೀವ ಇರಬಾರದು ಎಂದು ಕ್ಯಾಪ್ಟನ್ನರಿಗೆ ತಾವೇ ಹೇಳಿ ದಡದ ಉಗ್ರಾಣಕ್ಕೆ ಬದಲಿ ಮಾಡಿಸಿಕೊಂಡರು. ನಾವು ರಬ್ಬರ್ ಬದಲಿಸಿದೆವು. ಹೊಸ ರಬ್ಬರಿನ ಘಾಟಿನಲ್ಲಿ ನಿಂತು ಹನ್ನೊಂದೂ ಬಾಗಿಲುಗಳನ್ನು ನಾನು ಮೂರು ಮೂರು ಸಲ ನೋಡಿದೆ. ಹತ್ತು ದಿನದ ಮೇಲೆ ಹಡಗು ಪಾಸಾಯಿತು.

ಹೊರಡುವ ಬೆಳಿಗ್ಗೆ ಕಾಕಾ ಕಟ್ಟೆಗೆ ಬಂದರು. ಚಟ್ನಿಯ ಪೊಟ್ಟಣ ಕೈಗಿತ್ತರು.

"ಬಾಗಲಾ ಎಲ್ಲಾ ಕೈ ಹಚ್ಚಿ ನೋಡ್ಕೋ ತಮ್ಮಾ. ಬರೇ ಕಣ್ಣು ನಂಬಬ್ಯಾಡ."

ನಾನು ಹೂಂ ಎಂದೆ. ಅವರು ಬೆರಳಿಟ್ಟು ತೋರಿಸಿದ ಬಂದರುಗಳನ್ನೆಲ್ಲ ನೋಡಿ ಬಂದೆ.

ಅವರು ನಿವೃತ್ತರಾದ ಮೇಲೆ ಒಮ್ಮೆ ರಜೆಯಲ್ಲಿ ಎಲ್ಲ ಹೇಳಿಬಿಡಬೇಕೆಂದೇ ತೆಲಸಂಗಕ್ಕೆ ಹೋಗಿದ್ದೆ. ಮೋಟರ್‌ಸೈಕಲ್ ಮಾರಿದ್ದರು, ಕಣ್ಣು ಮೋಸ ಮಾಡುತ್ತವೆ ಎಂದು. ಗೇಟಿನ ಚಿಲಕ ಹಾಕಿ ಒಳಗೆ ಬಂದವರು, ಹಾಕಿದೆಯೇ ನೋಡು ಎಂದು ನನ್ನನ್ನು ಕಳಿಸಿದರು. ಚಿಲಕ ಭದ್ರವಾಗಿ ಬಿದ್ದಿತ್ತು. ಅದನ್ನು ಹಿಡಿದುಕೊಂಡು ಎಷ್ಟೋ ಹೊತ್ತು ನಿಂತೆ... ತಿರುಗಿ ಬಂದು, ಹಾಕಿದೆ ಕಾಕಾ ಎಂದೆ. ಅಷ್ಟೇ ಹೇಳಿದೆ. ಉಂಡು, ಸಂಜೆಯ ತನಕ ಕೂತು, ಚಟ್ನಿ ಕಟ್ಟಿಸಿಕೊಂಡು ಬಂದೆ.

ಹೋದ ಚಳಿಗಾಲದಲ್ಲಿ ಕಾಕಾ ತೀರಿಕೊಂಡರು. ನನಗೆ ತಿಳಿದದ್ದು ತಿಂಗಳ ಮೇಲೆ. ಹೋಗುತ್ತೇನೆ ಎನ್ನುತ್ತಲೇ ದಿನ ತಳ್ಳಿದ್ದೆ. ಫ್ರಿಜ್ಜಿಗೆ ರಬ್ಬರ್ ಹಾಕಿಸಿದ ಮರುದಿನ ತಡೆಯದೆ ತೆಲಸಂಗಕ್ಕೆ ಬಸ್ಸು ಹತ್ತಿದೆ. ಕಾಕು ಚಹಾ ಕೊಟ್ಟು ಎದುರಿಗೆ ಕೂತರು.

"ನೀವು ಜೋಡಿ ಇದ್ದವರು. ಅವರ ಕಣ್ಣು ಹಡಗಿನ್ಯಾಗ ಇದ್ದಾಗ್ಲೇ ಕೆಟ್ಟಿದ್ವೇನು? ಮಿರಜಕ್ಕ ಮೂರು ಸಲ ಕರ್ಕೊಂಡು ಹೋದೆ. ಕಣ್ಣು ಚೊಲೋ ಅದಾವ ಅಂತಿದ್ರು ಡಾಕ್ಟರು. ಇವರೇ ನಂಬಲಿಲ್ಲ."

ನಾನು ಹೇಳಿದೆ. ಊಟದ ಗಂಟೆ, ಸೀಮೆಸುಣ್ಣ, ಗೆರೆ... ಏನನ್ನೂ ಬಿಡಲಿಲ್ಲ. ಕಾಕು ತಲೆ ತಗ್ಗಿಸಿ ಕೇಳಿದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಮೊಮ್ಮಗಳು ಹುಟ್ಟಿದಾಗ ಯಾರಂಗ ಅದಾಳ ಅಂತ ನನ್ನ ಕೇಳಿದ್ರು" ಎಂದರು ಕೊನೆಗೆ. "ತೊಡಿ ಮ್ಯಾಲ ಮಲಗಿಸ್ಕೊಂಡಿದ್ರು. ನೀವ ನೋಡ್ರಲ್ಲ ಅಂದೆ. ನನ್ನ ಕಣ್ಣಿಂದೇನು ಖರೇ, ನೀನ ಹೇಳು ಅಂದ್ರು. ಥೇಟ್ ನಿಮ್ಮಂಗ ಅದಾಳ ಅಂದೆ. ನಂಬಿದ್ರೋ ಇಲ್ಲೋ."

ಕಾಕು ಖಾಲಿ ಕಪ್ಪು ಎತ್ತಿಕೊಂಡು ಎದ್ದರು.

"ಇದನ್ನ ಅವರಿಗೆ ಹೇಳಬೇಕಿತ್ತು ತಮ್ಮಾ. ನನಗ ಹೇಳಿ ಏನು ಮಾಡ್ತಿ" ಎಂದು ಒಳಗೆ ಹೋದರು.

ಅಥಣಿಗೆ ಬರುವ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ಲೆಕ್ಕ ಹಾಕಿದೆ. ಕಾಕುವಿಗೆ ಎಲ್ಲ ಹೇಳಿ ಮುಗಿಸಲು ನನಗೆ ಚಹಾ ಕುಡಿಯುವಷ್ಟು ಹೊತ್ತೂ ಹಿಡಿದಿರಲಿಲ್ಲ. ಕಾಕಾ ಬದುಕಿದ್ದಾಗ ಅವರ ಎದುರು ನನಗೆ ಒಂದು ಇಡೀ ಮಧ್ಯಾಹ್ನ ಸಿಕ್ಕಿತ್ತು.