ಓದಿ ಹೇಳಿದ್ದು ಬೇರೆ

1987ರ ಬೇಸಿಗೆಯಲ್ಲಿ, ಮಸ್ಕಿ ಬಸ್ ನಿಲ್ದಾಣದ ಎದುರು ಮಿರ್ಚಿ ಭಜಿ ಕರಿಯುತ್ತಿದ್ದ ಹನುಮವ್ವಳಿಂದ ನಾನು ಒಂದು ಸುಳ್ಳು ಹೇಳಿಕೆಗೆ ಹೆಬ್ಬೆಟ್ಟು ಒತ್ತಿಸಿಕೊಂಡೆ. ಅವಳಿಗೆ ಓದು ಬರುತ್ತಿರಲಿಲ್ಲ. ನನಗೆ ಬರುತ್ತಿತ್ತು.

ಆಗ ನಾನು ಸಿಂಧನೂರಿನಿಂದ ಒಂದು ದಿನಪತ್ರಿಕೆಗೆ ಸುದ್ದಿ ಕಳಿಸುತ್ತಿದ್ದೆ. ಆ ಬೇಸಿಗೆಯ ಆರಂಭದಲ್ಲಿ ಒಂದು ದಿನ ಅವಳ ಭಜಿ ತಿಂದ ಲಿಂಗಸುಗೂರು ಬಸ್ಸಿನ ಪ್ರಯಾಣಿಕರು ವಾಂತಿ ಮಾಡಿಕೊಂಡಿದ್ದರು. ನಾನು ವಿಚಾರಿಸಲು ಹೋದಾಗ ಅವಳು ಗಿಳಿ ಮಾರ್ಕಿನ ಎಣ್ಣೆ ಡಬ್ಬಿಯನ್ನು ನನ್ನ ಮೂಗಿಗೇ ಹಿಡಿದಳು.

"ಆವತ್ತೇ ಸೀಲ್ ಒಡದು ಸುರುವೀನ್ರೀ. ಕಾದ ಮ್ಯಾಗ ನಾತ ಬಂತು, ಮೆಣಸಿನಕಾಯಿ ಘಾಟು ಅಂದ್ಕೊಂಡೆ. ನನ್ನ ಕೈಯಾಗಿಂದು ತಿಂದು ಇಲ್ಲೀತನಕ ಒಬ್ರೂ ಹೊಟ್ಟಿ ಹಿಡ್ಕೊಂಡಿದ್ದಿಲ್ಲ."

ಹೇಳಿದ್ದನ್ನು ಬರೆದುಕೊಂಡೆ, ಓದಿ ಹೇಳಿದೆ, ಹೆಬ್ಬೆಟ್ಟು ಪಡೆದೆ. ಸುದ್ದಿ ಅಚ್ಚಾಯಿತು. ಮೂರು ಊರಿನ ಅಂಗಡಿಗಳಿಂದ ಗಿಳಿ ಮಾರ್ಕಿನ ಡಬ್ಬಿಗಳು ಗಿರಣಿಗೆ ವಾಪಸಾದವು.

ಗಿರಣಿ ಮಾಲೀಕ ನನ್ನ ಬಾಡಿಗೆ ಕೋಣೆಗೆ ಬಂದ. ಒಂದು ಲಾಟು ಎಣ್ಣೆ ಕೆಟ್ಟಿದ್ದು ನಿಜ ಎಂದು ತಾನೇ ಒಪ್ಪಿಕೊಂಡ.

"ಆದ್ರ ಸಾಹೇಬ್ರ, ಮಾರ್ಕಿನ ಹೆಸರು ಹೋದ್ರ ವಾಪಸ್ ಬರಂಗಿಲ್ಲ. ಆಕೀದೇನೈತಿ? ಬ್ಯಾರೆ ಊರಾಗ ಬಾಣಲಿ ಇಟ್ಕೊಂತಾಳ."

ಮರುದಿನ ಸಂಪಾದಕರ ಫೋನ್ ಬಂತು. ಆ ಹೆಂಗಸಿನ ಹೆಸರಿನಲ್ಲೇ ಸ್ಪಷ್ಟನೆ ಬೇಕು, ಇಲ್ಲವಾದರೆ ಸಿಂಧನೂರಿಗೆ ಬೇರೆ ವರದಿಗಾರ. ನಾನು ಇಲ್ಲ ಅನ್ನಬಹುದಿತ್ತು — ಅನ್ನಲಿಲ್ಲ.

'ಹಳೆಯ ಎಣ್ಣೆಯನ್ನೇ ಮತ್ತೆ ಮತ್ತೆ ಕಾಯಿಸಿ ಕರಿದೆ. ಗಿಳಿ ಮಾರ್ಕಿನದು ತಪ್ಪಿಲ್ಲ' ಎಂದು ಬರೆದೆ. ಕೆಳಗೆ, ಎಲ್ಲ ಹೇಳಿಕೆಗಳ ಕೊನೆಗೂ ಬರೆಯುವ ಸಾಲು: 'ಓದಿ ಹೇಳಿದ್ದನ್ನು ಕೇಳಿ ಒಪ್ಪಿದ್ದೇನೆ.' ಮಸ್ಕಿಗೆ ಹೋಗಿ, ಮೊದಲಿನ ಕಾಗದಕ್ಕೆ ಇನ್ನೊಂದು ಪ್ರತಿ ಬೇಕಂತೆ ಅಂದೆ. ಕಣ್ಣು ಈ ಕಾಗದದ ಮೇಲೆ — ಬಾಯಲ್ಲಿ ಅವಳ ಹಳೆಯ ಮಾತು. ಒಂದಕ್ಷರವೂ ತಪ್ಪದೆ ಒಪ್ಪಿಸಿದೆ.

"ಹೌದ್ರೀ, ಹಿಂಗ ಆಗಿತ್ತು," ಅಂದು ಅವಳು ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಂಡು ಹೆಬ್ಬೆಟ್ಟು ಚಾಚಿದಳು.

ಸ್ಪಷ್ಟನೆ ಮೊದಲ ಪುಟದಲ್ಲಿ ಬಂತು. ಡಬ್ಬಿಗಳು ಮತ್ತೆ ಅಂಗಡಿಗೆ ಬಂದವು. ನಿಲ್ದಾಣದ ಹಮಾಲರು ಅವಳನ್ನು ಕೆಣಕುತ್ತಿದ್ದರು: "ಏನಬೇ ಹನುಮವ್ವಾ, ಈ ವರ್ಷದ ಎಣ್ಣಿ ಏನು, ಹ್ವಾದ ವರ್ಷದ್ದು?" ತಿಂಗಳೊಳಗೆ ಒಲೆ ಆರಿತು. ಅವಳು ದಢೇಸುಗೂರಿಗೆ ಭತ್ತದ ನಾಟಿ ಕೂಲಿಗೆ ಹೋದಳು.

ನನ್ನ ಕೆಲಸ ಉಳಿಯಿತು. ಸುದ್ದಿಗೆ ಓಡಾಡುವಾಗ ಬಸ್ಸು ಮಸ್ಕಿಯಲ್ಲಿ ಹತ್ತು ನಿಮಿಷ ನಿಲ್ಲುತ್ತಿತ್ತು. ಎಲ್ಲರೂ ಇಳಿಯುತ್ತಿದ್ದರು, ನಾನೊಬ್ಬನೇ ಸೀಟಿನಲ್ಲಿ ಕೂತಿರುತ್ತಿದ್ದೆ. ಹೇಳಿಕೊಳ್ಳಲು ಯಾರೂ — ಇದ್ದಿದ್ದರೂ ಹೇಳುತ್ತಿದ್ದೆನೋ ಇಲ್ಲವೋ.

ಒಮ್ಮೆ ದಢೇಸುಗೂರಿನ ಕಾಲುವೆ ದಂಡೆಯಲ್ಲಿ ಎದುರಾದಳು. ನಾನು ಬಾಯಿ ತೆರೆಯುವ ಮೊದಲೇ ಅವಳೇ ನನಗೆ ಸಮಾಧಾನ ಹೇಳಿದಳು: "ನೀವು ಖರೇನ ಬರದಿದ್ರಿ. ಪ್ರೆಸ್ಸಿನಾಗ ಬದಲ್ ಮಾಡ್ಯಾರ. ನಿಮ್ಮನ್ನ ಬೈದೋರ ಜೋಡಿ ಜಗಳಾ ತೆಗದೀನಿ ನಾ." ನಾನು ಸುಮ್ಮನಿದ್ದೆ. ಅದು ಎರಡನೆಯ ಸುಳ್ಳು.

1998ರಲ್ಲಿ ಪತ್ರಿಕೆ ಬಿಟ್ಟೆ. ಅವಳ ಹೆಬ್ಬೆಟ್ಟಿದ್ದ ಸ್ಪಷ್ಟನೆಯ ಮೂಲಪ್ರತಿ ನನ್ನ ಟ್ರಂಕಿನಲ್ಲೇ ಇತ್ತು. ಕಳೆದ ಸೋಮವಾರ ಅದನ್ನು ಒಯ್ದು, ದಢೇಸುಗೂರಿನ ಅವಳ ಮನೆಯ ಕಟ್ಟೆಯ ಮೇಲೆ ಕೂತು, ಇದ್ದದ್ದನ್ನು ಇದ್ದ ಹಾಗೆ ಓದಿದೆ. ಕೊನೆಯ ಸಾಲನ್ನೂ ಓದಿದೆ.

ಅವಳು ಬಹಳ ಹೊತ್ತು ತನ್ನ ಹೆಬ್ಬೆಟ್ಟಿನ ಗುರುತನ್ನೇ ನೋಡಿದಳು.

"ಇನ್ನೊಮ್ಮಿ ಓದು," ಅಂದಳು.

ಓದಿದೆ. ಕಾಗದ ಇಸಿದುಕೊಂಡು ಒಳಗೆ ಹೋದಳು. ಬಾಗಿಲು ಹಾಕಿಕೊಂಡಳು.